ವಿಕಿರಣ ತಡೆಗೋಡೆಗಳ ಗಣಕ ಲೆಕ್ಕಾಚಾರದಲ್ಲಿ ಎಣಿಕೆ ವಲಯದ ಆಯ್ಕೆ

ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಲೀನಿಯರ್ ಆ್ಯಕ್ಸಿಲರೇಟರ್ ಯಂತ್ರವನ್ನು ದಪ್ಪನೆಯ ಕಾಂಕ್ರೀಟ್ ಗೋಡೆಗಳ ಕೊಠಡಿಯಲ್ಲಿ ಸ್ಥಾಪಿಸಲಾಗುತ್ತದೆ. ಕಟ್ಟಡ ಕಟ್ಟುವ ಮೊದಲೇ ಕೊಠಡಿಯ ನಕ್ಷೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆ ಪಡೆಯುವುದು ಅಗತ್ಯ. ಗೋಡೆಯಾಚೆ ಇರುವ ಸಾರ್ವಜನಿಕರಿಗೆ ತಗಲುವ ವಿಕಿರಣ ಪ್ರಮಾಣವು ವರ್ಷಕ್ಕೆ 1 ಮಿಲಿಸೀವರ್ಟ್ ಮೀರಕೂಡದು.

ಸಾಮಾನ್ಯ ಗೋಡೆಗೆ ಸೂತ್ರಗಳ ಲೆಕ್ಕವೇ ಸಾಕು. ಗೋಡೆಯಲ್ಲಿ ಕೇಬಲ್ ಅಥವಾ ಗಾಳಿಕೊಳವೆಗಾಗಿ ರಂಧ್ರಗಳಿದ್ದಲ್ಲಿ, ಪ್ರವೇಶದ ಹಾದಿಯಲ್ಲಿ ತಿರುವುಗಳಿದ್ದಲ್ಲಿ ಮಾಂಟೆ ಕಾರ್ಲೊ ವಿಧಾನವನ್ನು ಅನುಸರಿಸಲಾಗುತ್ತದೆ. ಇದರಲ್ಲಿ ಗಣಕವು ಕೋಟ್ಯಂತರ ಕಣಗಳ ಪಯಣವನ್ನು ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಒಂದೊಂದಾಗಿ ಅನುಸರಿಸಿ, ಗೊತ್ತುಪಡಿಸಿದ ಜಾಗವನ್ನು ತಲುಪಿದವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಜಾಗವೇ ಎಣಿಕೆ ವಲಯ. ಕೇಳದಿದ್ದ ಜಾಗದ ಬಗ್ಗೆ ಗಣಕವು ಏನನ್ನೂ ಹೇಳುವುದಿಲ್ಲ.

ವಲಯವು ಜನರು ನಿಲ್ಲುವ ಕಡೆ ಇರತಕ್ಕದ್ದು. ರೂಢಿಯಲ್ಲಿ ಗೋಡೆಯ ಹೊರಮೈಯಿಂದ 30 ಸೆಂ.ಮೀ. ಆಚೆಗೂ, ಮೇಲಿನ ಮಹಡಿಯಲ್ಲಿ ನೆಲದಿಂದ 50 ಸೆಂ.ಮೀ. ಎತ್ತರದಲ್ಲೂ, ಕೆಳಗಿನ ಮಹಡಿಯಲ್ಲಿ ನೆಲದಿಂದ 1.7 ಮೀಟರ್ ಎತ್ತರದಲ್ಲೂ ಲೆಕ್ಕ ಹಾಕಲಾಗುತ್ತದೆ. ಕಾಂಕ್ರೀಟಿನ ಕೊನೆಯ ಪದರವನ್ನೇ ವಲಯವಾಗಿ ಆರಿಸಿಕೊಂಡರೆ ದೊರೆಯುವುದು ಕಾಂಕ್ರೀಟ್ ಹೀರಿದ ಶಕ್ತಿಯೇ ಹೊರತು ಮನುಷ್ಯನಿಗೆ ತಗಲುವ ಪ್ರಮಾಣವಲ್ಲ. ಆದುದರಿಂದ ಗಾಳಿಯಲ್ಲಿ ಕಣಪ್ರವಾಹವನ್ನು ಎಣಿಸಿ, ಅದನ್ನು ಅಂಗೀಕೃತ ಪರಿವರ್ತನಾಂಕಗಳಿಂದ ಗುಣಿಸುವುದು ಸೂಕ್ತ.

ವಲಯದ ಗಾತ್ರವು ಇದಕ್ಕಿಂತ ಕಠಿಣವಾದ ಪ್ರಶ್ನೆ. 10 ಸೆಂ.ಮೀ. ಚದರದ ರಂಧ್ರದ ಎದುರಿಗೆ ಅಷ್ಟೇ ಅಗಲದ ಜಾಗದಲ್ಲಿ ಪ್ರಮಾಣವು 100 ಇದ್ದು, ಸುತ್ತಲೂ ಬಹುತೇಕ ಸೊನ್ನೆ ಇದೆಯೆಂದು ಭಾವಿಸೋಣ. ವಲಯವನ್ನು 1 ಮೀಟರ್ ಚದರವಾಗಿ ಇಟ್ಟರೆ ಸರಾಸರಿಯು 1 ಎಂದು ಬರುತ್ತದೆ, 30 ಸೆಂ.ಮೀ. ಚದರವಾಗಿ ಇಟ್ಟರೂ 11ರಷ್ಟೇ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಸೋರಿಕೆ ಮರೆಯಾಗಿದೆ. ಇಂತಹ ಕಾಗದವನ್ನು ನೋಡಿ ಗೋಡೆ ಕಟ್ಟಿದರೆ, ರಂಧ್ರದ ಎದುರು ದಿನವಿಡೀ ಕುರ್ಚಿ ಹಾಕಿ ಕೂರುವ ಸಿಬ್ಬಂದಿಗೆ ರಕ್ಷಣೆ ದೊರೆತಂತಾಗುವುದಿಲ್ಲ.

ಹಾಗೆಂದು ವಲಯವನ್ನು ತೀರಾ ಕಿರಿದಾಗಿಸಿದರೂ ತೊಂದರೆಯುಂಟು. 6 ಎಂ.ವಿ. ಕ್ಷ-ಕಿರಣದ ನೇರ ಪುಂಜವನ್ನು ಹತ್ತನೇ ಒಂದು ಪಾಲಿಗೆ ಇಳಿಸಲು ಮೊದಲು ಸುಮಾರು 37 ಸೆಂ.ಮೀ., ಅನಂತರ ಪ್ರತಿ ಬಾರಿಯೂ 33 ಸೆಂ.ಮೀ. ಕಾಂಕ್ರೀಟ್ ಬೇಕು. ಅಂದರೆ 169 ಸೆಂ.ಮೀ. ಗೋಡೆಯಾಚೆ ಉಳಿಯುವುದು ಲಕ್ಷದಲ್ಲಿ ಒಂದು ಪಾಲು. ಅಲ್ಲಿ ವಲಯದ ಅಗಲ, ಎತ್ತರಗಳನ್ನು ಅರ್ಧಕ್ಕಿಳಿಸಿದರೆ ಒಳಬರುವ ಕಣಗಳು ಕಾಲುಭಾಗವಾಗುತ್ತವೆ. ಅದೇ ನಿಖರತೆಗೆ ನಾಲ್ಕು ಪಟ್ಟು ಕಣಗಳನ್ನು ಹರಿಸಬೇಕಾಗುತ್ತದೆ. ಸಾಪೇಕ್ಷ ದೋಷವು ಶೇ. 10ಕ್ಕಿಂತ ಹೆಚ್ಚಿರುವ ಫಲಿತಾಂಶವನ್ನು ಸಾಮಾನ್ಯವಾಗಿ ನೆಚ್ಚಲಾಗುವುದಿಲ್ಲ. ಒಂದು ಕಣವೂ ತಲುಪದೆ ಫಲಿತಾಂಶವು ಸೊನ್ನೆ ಬಂದರೆ, ಅಲ್ಲಿ ವಿಕಿರಣವಿಲ್ಲವೆಂದು ಅರ್ಥವಲ್ಲ. ಲೆಕ್ಕವು ಇನ್ನೂ ಮುಗಿದಿಲ್ಲವೆಂದು ಅರ್ಥ.

ಈ ಕಾರಣದಿಂದ ಮೊದಲು ಗೋಡೆಯ ಹೊರಭಾಗಕ್ಕೆಲ್ಲ ದೊಡ್ಡ ಕಣ್ಣಿನ ಜಾಲರಿಯನ್ನು ಹರಡಿ, ಪ್ರಮಾಣವು ಏರುವ ಕಡೆಗಳನ್ನು ಗುರುತಿಸಲಾಗುತ್ತದೆ. ಬಳಿಕ ಅಂತಹ ಕಡೆ ಮಾತ್ರ ಕಣ್ಣುಗಳನ್ನು ಚಿಕ್ಕದಾಗಿಸಲಾಗುತ್ತದೆ. ರಂಧ್ರ, ಬಾಗಿಲಿನ ಅಂಚು ಹಾಗೂ ಗೋಡೆಗಳ ಕೀಲುಗಳ ಎದುರು, ಜಾಲರಿಯಲ್ಲಿ ಏನೂ ಕಾಣದಿದ್ದರೂ, ಚಿಕ್ಕ ವಲಯಗಳನ್ನು ಇಡುವುದು ಒಳಿತು. ಯಂತ್ರ ಸ್ಥಾಪನೆಯಾದ ಮೇಲೆ, ಚಿಕಿತ್ಸೆ ಆರಂಭಿಸುವ ಮುನ್ನ, ಇದೇ ಜಾಗಗಳಲ್ಲಿ ಸರ್ವೆ ಮೀಟರಿನಿಂದ ಅಳತೆ ಮಾಡಿ ಲೆಕ್ಕದೊಂದಿಗೆ ತಾಳೆ ನೋಡಲಾಗುತ್ತದೆ.