ಗಂಟೆ, ಗರಿ, ಗೋದಲಿ

ಭಾನುವಾರ ಬೆಳಗ್ಗೆ ಬೆಂಗಳೂರಿನ ಬಾಣಸವಾಡಿ ಮುಖ್ಯರಸ್ತೆಯಲ್ಲಿ ವಾಹನಗಳ ಆರ್ಭಟ ಇನ್ನೂ ಶುರುವಾಗಿರುವುದಿಲ್ಲ. ಹಾಲಿನ ಬೂತಿನ ಮುಂದೆ ನಾಲ್ಕು ಜನ, ಹೂವಿನ ಬುಟ್ಟಿಯ ಸುತ್ತ ಇಬ್ಬರು. ಆಂಜನೇಯನ ಗುಡಿಗೆ ಹೋಗುವವರು ಒಂದು ದಿಕ್ಕಿಗೆ ಹೊರಟರೆ, ತಲೆ ಮೇಲೆ ಸೆರಗು ಹೊದ್ದು ಬೆರಳಿಗೆ ಜಪಸರ ಸುತ್ತಿಕೊಂಡ ಹೆಂಗಸರು ಕಮ್ಮನಹಳ್ಳಿಯ ಚರ್ಚಿನ ಕಡೆಗೆ ಬಿರಬಿರನೆ ನಡೆಯುತ್ತಾರೆ. ಅವರ ಹಿಂದೆ ಇಸ್ತ್ರಿ ಅಂಗಿ ತೊಟ್ಟ ಹುಡುಗರು, ಇನ್ನೂ ನಿದ್ದೆಗಣ್ಣಲ್ಲೇ. ರಾತ್ರಿಪಾಳಿ ಮುಗಿಸಿದ ಮಲಯಾಳಿ ನರ್ಸುಗಳು ಮನೆಗೆ ಹೋಗದೆ ನೇರ ಪೂಜೆಗೇ ಬರುತ್ತಾರೆ. ಕೆಲವು ಎರ್ನಾಕುಲಂ ರೈಲುಗಳು ವರ್ಷಗಟ್ಟಲೆ ಹೊರಟು ಬಂದು ನಿಂತದ್ದು ಬಾಣಸವಾಡಿ ನಿಲ್ದಾಣದಲ್ಲೇ. ಆ ಸೀಮೆಯವರು ಇಲ್ಲಿ ಬೇರು ಬಿಟ್ಟದ್ದರಲ್ಲಿ ಅಚ್ಚರಿಯಿಲ್ಲ. ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು ಗಿಟಾರು ಹೆಗಲಿಗೇರಿಸಿ, ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುವ ಪ್ರಾರ್ಥನಾ ಸಭೆಗೆ ಕಿರಿದಾದ ಮೆಟ್ಟಿಲು ಹತ್ತುತ್ತಾರೆ. ಕೆಳಗೆ ಹಾರ್ಡ್‌ವೇರ್ ಅಂಗಡಿಯ ಷಟರ್ ಇನ್ನೂ ಮುಚ್ಚಿದೆ. ಮೇಲೆ ಡ್ರಮ್ಮಿನ ಸದ್ದು.

ಈ ಭಾಗದ ಕಥೋಲಿಕ ಚರ್ಚುಗಳ ಅಂಗಳದಲ್ಲಿ ಭಾನುವಾರ ಭಾಷೆಗಳೇ ಸರದಿಯಲ್ಲಿ ನಿಲ್ಲುತ್ತವೆ. ಒಂದು ಭಾಷೆಯ ಪೂಜೆ ಮುಗಿಸಿ ಹೊರಬರುವವರು, ಇನ್ನೊಂದು ಭಾಷೆಯ ಪೂಜೆಗೆ ಒಳಹೋಗುವವರು ಬಾಗಿಲಲ್ಲೇ ಎದುರಾಗುತ್ತಾರೆ. ನಮಸ್ಕಾರ, ಕುಶಲ, ಮಕ್ಕಳ ಪರೀಕ್ಷೆ, ಬಾಡಿಗೆ ಮನೆ, ವರನ ಹುಡುಕಾಟ, ಎಲ್ಲವೂ ಆ ಹತ್ತು ನಿಮಿಷದಲ್ಲಿ ಆಗಿಹೋಗುತ್ತದೆ. ಇದನ್ನು ಬರೀ ಹರಟೆ ಎಂದು ತಳ್ಳಿಹಾಕುವಂತಿಲ್ಲ. ಊರು ಬಿಟ್ಟು ಬಂದವರಿಗೆ ಬೆಂಗಳೂರು ಊರಾಗುವುದು ಇಂಥ ಅಂಗಳಗಳಲ್ಲೇ.

ಪೂಜೆಯ ಕೊನೆಗೆ ಗುರುಗಳು ಒಂದು ಹಾಳೆ ಹಿಡಿದು ಓದುತ್ತಾರೆ: ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ ನಿಶ್ಚಯವಾಗಿದೆ, ಅಡ್ಡಿ ಏನಾದರೂ ತಿಳಿದವರು ತಿಳಿಸಬೇಕು. ಹುಡುಗಿಯ ಅಜ್ಜಿ ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕೂರುತ್ತಾರೆ. ಹೀಗೆ ಮೂರು ಭಾನುವಾರ ಓದುವ ವಾಡಿಕೆ. ಮದುವೆಗೆ ಮುನ್ನ ಬಹಿರಂಗವಾಗಿ ಸಾರಬೇಕೆಂಬ ಕಟ್ಟಳೆಯನ್ನು ಇಡೀ ಕಥೋಲಿಕ ಜಗತ್ತಿಗೆ ವಿಧಿಸಿದ್ದು 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಮಹಾಸಭೆ. ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲವೆನ್ನುವ ಗಂಡಸರಿಂದ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಅನ್ಯಾಯಕ್ಕೆ ಅದೂ ಒಂದು ತಡೆಯಾಯಿತು. ಎಂಟು ಶತಮಾನ ಹಳೆಯ ಆ ಕಟ್ಟಳೆ ಕಮ್ಮನಹಳ್ಳಿಯ ಮೈಕಿನಲ್ಲಿ ಇವತ್ತೂ ಕೇಳುತ್ತದೆ.

ಅದೇ ಮಹಾಸಭೆಯ ಇನ್ನೊಂದು ಆಜ್ಞೆ ಕಠಿಣವಾಗಿತ್ತು. ಪ್ರಾಯಕ್ಕೆ ಬಂದ ಪ್ರತಿಯೊಬ್ಬನೂ ವರ್ಷಕ್ಕೊಮ್ಮೆಯಾದರೂ ತನ್ನ ಧರ್ಮಕೇಂದ್ರದ ಗುರುವಿನಲ್ಲಿ ಪಾಪನಿವೇದನೆ ಮಾಡಬೇಕು, ಪಾಸ್ಕ (ಈಸ್ಟರ್) ಹಬ್ಬದಲ್ಲಿ ಪರಮಪ್ರಸಾದ ಸ್ವೀಕರಿಸಬೇಕು. ತಪ್ಪಿದರೆ ಬದುಕಿರುವಾಗ ಚರ್ಚಿನೊಳಗೆ ಪ್ರವೇಶವಿಲ್ಲ, ಸತ್ತ ಮೇಲೆ ಕ್ರೈಸ್ತ ವಿಧಿಯ ಮಣ್ಣಿಲ್ಲ. ಆಗಿನ ಯೂರೋಪಿನ ರೈತನಿಗೆ ಚರ್ಚಿನ ಆಚೆ ಬದುಕೇ ಇರಲಿಲ್ಲ ಎನ್ನಬಹುದು. ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ. ಹೊಲದಲ್ಲಿ ನಿಂತವನಿಗೆ ಹೊತ್ತು ತಿಳಿಯುತ್ತಿದ್ದುದು ಗೋಪುರದ ಗಂಟೆಯಿಂದ. ಇಂಗ್ಲೆಂಡಿನಲ್ಲಿ ಗೇಣಿ ಸಂದಾಯದ ಗಡುವುಗಳಲ್ಲೊಂದು ಸಂತ ಮೈಕೆಲನ ಹಬ್ಬ, ಅಂದರೆ ಸೆಪ್ಟೆಂಬರ್ 29. ಕಾಯಿಲೆಯವನಿಗೆ ಮಠದ ಆಸರೆ, ಹಸಿದವನಿಗೆ ಮಠದ ಬಾಗಿಲಿನ ರೊಟ್ಟಿ, ಓದಬೇಕೆಂದವನಿಗೆ ಪಾದ್ರಿಗಳ ಪಾಠ. ಓದುಬಾರದವರಿಗೆ ಗೋಡೆಯ ಚಿತ್ರಗಳೇ ಪುಸ್ತಕವೆಂದು ಪೋಪ್ ಮಹಾ ಗ್ರೆಗರಿ ಕ್ರಿ.ಶ. 600ರ ಸುಮಾರಿಗೇ ಮಾರ್ಸೇಲ್ ನಗರದ ಬಿಷಪ್ಪರಿಗೆ ಬರೆದಿದ್ದರು. ಬೇಲೂರಿನ ಗೋಡೆಯ ಮುಂದೆ ನಿಂತು ರಾಮಾಯಣ ಓದಿಕೊಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿವಾಜಿನಗರದ ಸಂತ ಮೇರಿ ಬಸಿಲಿಕದ ಚೂಪು ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು ಆ ಯೂರೋಪಿನ ನೇರ ಸಂತಾನ. ಆದರೆ ಒಳಗಿನ ತಾಯಿ ಉಟ್ಟಿರುವುದು ಸೀರೆ. ಈ ಚರ್ಚು ಶುರುವಾದದ್ದು ಸೆಂಜಿ ಸೀಮೆಯಿಂದ ವಲಸೆ ಬಂದ ತಮಿಳು ಕ್ರೈಸ್ತರ ಪುಟ್ಟ ಗುಡಿಯಾಗಿ. 19ನೇ ಶತಮಾನದ ಆರಂಭದಲ್ಲಿ ಇಲ್ಲಿ ಪ್ರಾರ್ಥನಾ ಮಂದಿರ ಕಟ್ಟಿಸಿದವರು ಅಬ್ಬೆ ದುಬುವಾ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಬಂದು, ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಗೆ ಕಾಲಿಟ್ಟ ಈ ಪಾದ್ರಿ ಇಲ್ಲಿನವರಂತೆಯೇ ಉಟ್ಟು, ಇಲ್ಲಿನವರಂತೆಯೇ ಉಂಡು, ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರಾದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ನನ್ನ ಲೆಕ್ಕದಲ್ಲಿ ಹಿಂದೂ ಆಚಾರಗಳ ಬಗ್ಗೆ ಅವರು ಬರೆದ ಪುಸ್ತಕಕ್ಕಿಂತ ಈ ಕೆಲಸವೇ ದೊಡ್ಡದು. ಚರ್ಚಿನ ಈಗಿರುವ ಕಟ್ಟಡ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಗೊಂಡಿತು. ಬಸಿಲಿಕ ಎಂಬ ಗೌರವ 1973ರಲ್ಲಿ ಬಂತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಿಟಕಿಯ ಗಾಜುಗಳನ್ನು ಬಿಚ್ಚಿ ಜೋಪಾನವಾಗಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವು ಮತ್ತೆ ಚೌಕಟ್ಟು ಸೇರಿದವು.

ಆಗಸ್ಟ್ 29ಕ್ಕೆ ಅಲ್ಲಿ ಬಾವುಟ ಏರಿತೆಂದರೆ ದಂಡು ಪ್ರದೇಶದ ಬಣ್ಣವೇ ಬದಲಾಗುತ್ತದೆ. ಕಾವಿ ಉಟ್ಟು ಹರಕೆ ಹೊತ್ತವರು ಬಾಣಸವಾಡಿ, ಲಿಂಗರಾಜಪುರ, ಹಲಸೂರುಗಳಿಂದ ಬೀದಿಗಿಳಿಯುತ್ತಾರೆ. ಹಲವರು ಬರಿಗಾಲಲ್ಲಿ ನಡೆಯುತ್ತಾರೆ. ಒಂಬತ್ತು ದಿನ ಮಾಂಸ ಮುಟ್ಟದ ಮನೆಗಳಿವೆ. ಕಂಕುಳಲ್ಲಿ ಕೂಸು, ಒಂದು ಕೈಯಲ್ಲಿ ಮೇಣದಬತ್ತಿಯ ಕಟ್ಟು, ಇನ್ನೊಂದರಲ್ಲಿ ಚಪ್ಪಲಿಯ ಚೀಲ ಹಿಡಿದು ಸಾಲಿನಲ್ಲಿ ನಿಂತ ಹೆಂಗಸಿನ ಹಣೆಯಲ್ಲಿ ಕುಂಕುಮವಿರುತ್ತದೆ. ಅವಳ ಹಿಂದೆ ಬುರ್ಖಾ ತೊಟ್ಟವಳೂ ನಿಂತಿರುತ್ತಾಳೆ. ಯಾರೂ ಯಾರನ್ನೂ ನೀವೇಕೆ ಬಂದಿರಿ ಎಂದು ಕೇಳುವುದಿಲ್ಲ. ಸೆಪ್ಟೆಂಬರ್ 8ರ ಸಂಜೆ ತೇರು ಹೊರಡುವಾಗ ರಸೆಲ್ ಮಾರುಕಟ್ಟೆಯ ಸುತ್ತ ಎಳ್ಳು ಹಾಕಿದರೆ ಕೆಳಗೆ ಬೀಳುವುದಿಲ್ಲ.

ಇಲ್ಲೇ ನನಗೆ ಎರಡು ಕಾಲಗಳ ವ್ಯತ್ಯಾಸ ಕಣ್ಣಿಗೆ ಕಟ್ಟುವುದು. ಆ ಕಾಲದ ಯೂರೋಪಿನಲ್ಲಿ ಚರ್ಚು ಬದುಕನ್ನು ಹಿಡಿದಿಟ್ಟದ್ದು ನಂಬಿಕೆಯಿಂದಲೂ ಹೌದು, ದಂಡದ ಭಯದಿಂದಲೂ ಹೌದು. ಇಲ್ಲಿ ಹತ್ತನೇ ಪಾಲು ವಸೂಲಿಗೆ ಯಾರೂ ಬರುವುದಿಲ್ಲ, ಬಾರದವನನ್ನು ಯಾರೂ ಹಿಡಿದು ತರುವುದಿಲ್ಲ. ಆದರೂ ಈ ಪೂರ್ವ ಬೆಂಗಳೂರಿನ ಸಾವಿರಾರು ಮನೆಗಳ ವಾರ ಚರ್ಚಿನ ಲೆಕ್ಕದಲ್ಲೇ ಉರುಳುತ್ತದೆ: ಮಂಗಳವಾರ ಸಂತ ಅಂತೋಣಿ, ಬುಧವಾರ ಸದಾ ಸಹಾಯ ಮಾತೆಯ ನೊವೆನಾ ಪ್ರಾರ್ಥನೆ, ಗುರುವಾರ ವಿವೇಕನಗರದ ಬಾಲಯೇಸು, ಶನಿವಾರ ಶಿವಾಜಿನಗರದ ತಾಯಿ. ಪ್ರೀತಿಯಿಂದ ಬಂದ ಹಿಡಿತ ಭಯದಿಂದ ಬಂದ ಹಿಡಿತಕ್ಕಿಂತ ಗಟ್ಟಿ ಎಂಬುದಕ್ಕೆ ಗುರುವಾರ ಸಂಜೆಯ ವಿವೇಕನಗರವೊಂದೇ ಸಾಕು.

ವರ್ಷದ ಲೆಕ್ಕವೂ ಹಾಗೆಯೇ. ಗರಿಗಳ ಭಾನುವಾರ ಮನೆಗೆ ತಂದ ಎಳೆಗರಿಯನ್ನು ಮಕ್ಕಳು ಸೀಳಿ, ಮಡಿಸಿ, ಪುಟ್ಟ ಶಿಲುಬೆ ಮಾಡುತ್ತಾರೆ. ಮೊದಲು ಉದ್ದದ ಸೀಳು, ಅದಕ್ಕೆ ಅಡ್ಡವಾಗಿ ಇನ್ನೊಂದು, ನಡುವೆ ಒಂದು ಗಂಟು. ಅದು ದೇವರ ಪಟದ ಹಿಂದೆ ಸೇರಿ, ಹಳದಿಯಾಗಿ, ಒಣಗಿ ಬಿರುಸಾಗುತ್ತದೆ. ಮುಂದಿನ ವರ್ಷ ತಪಸ್ಸು ಕಾಲ ಹತ್ತಿರ ಬಂದಾಗ ಹಳೆಯ ಗರಿಗಳನ್ನು ಚರ್ಚಿಗೆ ತಂದೊಪ್ಪಿಸುತ್ತಾರೆ. ಸುಟ್ಟು ಜರಡಿ ಹಿಡಿದ ಬೂದಿಯನ್ನೇ ವಿಭೂತಿ ಬುಧವಾರ ಹಣೆಗೆ ಹಚ್ಚುವುದು. ಆ ದಿನ ಹಣೆಯ ಬೂದಿಯನ್ನು ಅಳಿಸದೆ ಆಫೀಸಿಗೆ ಹೋಗುವ ಹುಡುಗರನ್ನು ಬಾಣಸವಾಡಿಯ ಬಸ್ಸುಗಳಲ್ಲಿ ನೋಡಬಹುದು. ಡಿಸೆಂಬರಿನಲ್ಲಿ ಮನೆಮನೆಗೂ ಕಾಗದದ ನಕ್ಷತ್ರ, ಅಂಗಳದ ಮೂಲೆಯಲ್ಲಿ ಹುಲ್ಲು ಹಾಸಿದ ಗೋದಲಿ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಕಟ್ಟಿದ ಗೋದಲಿಯಿಂದ ಈ ರೂಢಿ ಹಬ್ಬಿತು. ನವೆಂಬರ್ 2ರ ಮೃತರ ಸ್ಮರಣೆಯೂ ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ಕ್ಲೂನಿ ಮಠದಲ್ಲಿ ಆರಂಭವಾದದ್ದು. ಆ ದಿನ ಕಲ್ಪಳ್ಳಿಯ ಸ್ಮಶಾನದಲ್ಲಿ ಗೋರಿಗಳಿಗೆ ಸುಣ್ಣ ಬಳಿದು, ಚೆಂಡು ಹೂ ಹರಡಿ, ಮೇಣದಬತ್ತಿ ಹಚ್ಚಿ, ಮನೆಯವರೆಲ್ಲ ಸುತ್ತ ನಿಲ್ಲುತ್ತಾರೆ.

ಕನ್ನಡದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಪೂಜೆಯ ಬಾಗಿಲು ತೆರೆಯಿತು. ಲ್ಯಾಟಿನ್ ಹಿಂದೆ ಸರಿದಾಗ ದಂಡು ಪ್ರದೇಶದಲ್ಲಿ ಇಂಗ್ಲಿಷ್, ತಮಿಳುಗಳಿಗೆ ಸಲೀಸಾಗಿ ಸಿಕ್ಕ ಜಾಗಕ್ಕಾಗಿ ಕನ್ನಡ ಕ್ರೈಸ್ತರು ದಶಕಗಳ ಕಾಲ ಹೋರಾಡಬೇಕಾಯಿತು. ಇಂದು ಈ ಚರ್ಚುಗಳಲ್ಲಿ ಕನ್ನಡದ ಪೂಜೆ, ಕನ್ನಡದ ಗೀತೆ ಕೇಳುತ್ತಿದ್ದರೆ ಅದು ಆ ಹೋರಾಟದ ಫಲ, ಯಾರೂ ದಯಪಾಲಿಸಿದ್ದಲ್ಲ.

ಚರ್ಚಿನ ಕಚೇರಿಯ ಕಪಾಟಿನಲ್ಲಿ ಇನ್ನೊಂದು ಸಂಪತ್ತಿದೆ. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ ಮತ್ತು ಮದುವೆಗಳ ದಾಖಲೆ ಇಡಬೇಕೆಂದು ವಿಧಿಸಿತು; ಮರಣದ ಪುಸ್ತಕವೂ ಆಮೇಲೆ ಸೇರಿತು. ಮಗುವಿನ ಹೆಸರು, ತಂದೆತಾಯಿ, ಜ್ಞಾನದ ತಂದೆತಾಯಿ, ದಿನಾಂಕ, ಗುರುಗಳ ಸಹಿ ಒಂದೇ ಸಾಲಿನಲ್ಲಿರುತ್ತವೆ. ಆ ಮಗು ಬೆಳೆದು ಬೇರೆ ಊರಲ್ಲಿ ಮದುವೆಯಾದರೂ ಸುದ್ದಿ ಇಲ್ಲಿಗೇ ಬಂದು ಅದೇ ಸಾಲಿನ ಪಕ್ಕದ ಅಂಚಿನಲ್ಲಿ ದಾಖಲಾಗಬೇಕು. ದಂಡಿನಲ್ಲಿ ಅಡುಗೆ ಮಾಡಿದವರು, ಕುದುರೆ ನೋಡಿಕೊಂಡವರು, ಬಟ್ಟೆ ಒಗೆದವರು, ಕಲ್ಲು ಒಡೆದವರು ಯಾವ ಇತಿಹಾಸದ ಪುಸ್ತಕದಲ್ಲೂ ಹೆಸರು ಪಡೆಯಲಿಲ್ಲ. ಅವರ ಮಕ್ಕಳ ಹೆಸರುಗಳು ಮಾತ್ರ ಈ ಪುಸ್ತಕಗಳಲ್ಲಿ ದಿನಾಂಕ ಸಮೇತ ಉಳಿದಿರುತ್ತವೆ. ಬೆಂಗಳೂರಿನ ಚರಿತ್ರೆ ಬರೆಯುವ ಕನ್ನಡದ ಸಂಶೋಧಕರು ಶಾಸನಗಳನ್ನು ಓದಿದಷ್ಟೇ ಶ್ರದ್ಧೆಯಿಂದ ಇವನ್ನೂ ಓದಬೇಕು. ಇವು ಗೆದ್ದಲ ಪಾಲಾಗುವ ಮುನ್ನ ಧರ್ಮಕೇಂದ್ರಗಳು ಒಂದೊಂದು ಪುಟದ ಪ್ರತಿ ತೆಗೆದಿಡಬೇಕು.