ಔಷಧಿಗೆ ಒಗ್ಗಿಕೊಂಡವರು ಯಾರು?

‘ಡಾಕ್ಟ್ರೇ, ಆ ಮಾತ್ರೆ ನನ್ನ ಮೈಗೆ ಒಗ್ಗಿಹೋಗಿದೆ. ಇನ್ನೂ ಪವರ್ ಇರೋದು ಕೊಡಿ.’ ವೈದ್ಯರು ಆಗಾಗ ಕೇಳುವ ಮಾತಿದು. ಆಂಟಿಬಯಾಟಿಕ್ ಮಾತ್ರೆಗಳ ಮಟ್ಟಿಗೆ ಇದು ತಪ್ಪು ಕಲ್ಪನೆ. ಇಲ್ಲಿ ಬದಲಾಗುವುದು ನಮ್ಮ ದೇಹವಲ್ಲ, ರೋಗಾಣುಗಳ ಸಂತತಿ.

ಹಾಗಾದರೆ ರೋಗಾಣುಗಳು ಔಷಧಿಯನ್ನು ಎದುರಿಸಲು ಕಲಿಯುತ್ತವೆಯೇ? ಅದೂ ಇಲ್ಲ. ಬ್ಯಾಕ್ಟೀರಿಯಾಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಅನುಕೂಲವಿದ್ದರೆ ಕೆಲವಕ್ಕೆ ಇದಕ್ಕೆ ಸುಮಾರು 20 ನಿಮಿಷ ಸಾಕು. ಹೀಗೆ ಬೆಳೆಯುವಾಗ ಅವುಗಳ ವಂಶವಾಹಿಗಳಲ್ಲಿ ಆಕಸ್ಮಿಕವಾಗಿ ಸಣ್ಣಪುಟ್ಟ ಬದಲಾವಣೆಗಳಾಗುತ್ತವೆ. ಕೋಟ್ಯಂತರ ರೋಗಾಣುಗಳಲ್ಲಿ ಎಲ್ಲೋ ಒಂದೆರಡಕ್ಕೆ ಔಷಧಿಯನ್ನು ತಡೆದುಕೊಳ್ಳುವ ಗುಣ ಬಂದಿರಬಹುದು. ಔಷಧಿ ಬಿದ್ದಾಗ ಉಳಿದವು ಸಾಯುತ್ತವೆ, ಇವು ಬದುಕಿ ವಂಶ ಬೆಳೆಸುತ್ತವೆ. ಡಾರ್ವಿನ್ 1859ರಲ್ಲಿ ವಿವರಿಸಿದ ‘ನಿಸರ್ಗದ ಆಯ್ಕೆ’ ಎಂದರೆ ಇದೇ.

ಅಮೆರಿಕದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ಅಚ್ಚನ್ನು ಮಖಮಲ್ ಬಟ್ಟೆಯಲ್ಲಿ ತೆಗೆದು, ಔಷಧಿಯಿದ್ದ ಬೇರೆ ತಟ್ಟೆಗಳ ಮೇಲೆ ಒತ್ತಿದರು. ಎಲ್ಲ ತಟ್ಟೆಗಳಲ್ಲೂ ಬದುಕಿದವು ಒಂದೇ ಜಾಗದವು. ಅಂದರೆ ಔಷಧಿ ಸೋಕುವ ಮೊದಲೇ ಅವಕ್ಕೆ ಆ ಗುಣವಿತ್ತು. ಔಷಧಿ ಅದನ್ನು ಹುಟ್ಟಿಸಲಿಲ್ಲ, ಆರಿಸಿತು ಅಷ್ಟೆ.

‘ವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕು’ ಎಂಬುದು ಇನ್ನೊಂದು ಕಲ್ಪನೆ. ಅಷ್ಟು ಬೇಗ ಸಂತತಿ ಬೆಳೆಸುವ ಜೀವಿಗಳಲ್ಲಿ ಅದು ಕೆಲವೇ ದಿನಗಳಲ್ಲಿ ನಡೆಯಬಹುದು. ‘ಬಲಿಷ್ಠವೇ ಉಳಿಯುತ್ತದೆ’ ಎನ್ನುವುದೂ ಪೂರ್ತಿ ನಿಜವಲ್ಲ. ಔಷಧಿ ತಡೆದುಕೊಳ್ಳುವ ರೋಗಾಣು ಎಷ್ಟೋ ವೇಳೆ ಉಳಿದವಕ್ಕಿಂತ ನಿಧಾನವಾಗಿ ಬೆಳೆಯುತ್ತದೆ. ಔಷಧಿ ಇಲ್ಲದ ಕಡೆ ಅದು ಹಿಂದೆ ಬೀಳಬಹುದು. ಅದಕ್ಕೆ ಅವಕಾಶ ಮಾಡಿಕೊಡುವವರು ನಾವು.

ಕ್ಷಯರೋಗಕ್ಕೆ ಮೊದಲ ತಿಂಗಳುಗಳಲ್ಲಿ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವುದೇಕೆ ಎಂಬುದು ಈಗ ಅರ್ಥವಾದೀತು. ಒಂದರಿಂದ ತಪ್ಪಿಸಿಕೊಂಡ ರೋಗಾಣು ಇನ್ನೊಂದಕ್ಕೆ ಸಿಕ್ಕಿಬೀಳಲಿ ಎಂದು. ಕೆಮ್ಮು ನಿಂತಿತೆಂದು ನಡುವೆ ಮಾತ್ರೆ ಬಿಟ್ಟರೆ, ತಡೆದುಕೊಂಡು ಉಳಿದವು ಮತ್ತೆ ಬೆಳೆಯುತ್ತವೆ. ಆಮೇಲೆ ರೋಗಿಗಷ್ಟೇ ಅಲ್ಲ, ಅವರಿಂದ ಸೋಂಕು ತಗಲಿದ ಮನೆಯವರಿಗೂ ಆ ಔಷಧಿ ನಾಟದೆ ಹೋಗಬಹುದು.

ನೀವು ಮಾಡಬೇಕಾದದ್ದು ಇಷ್ಟು. ನೆಗಡಿ, ಫ್ಲೂಗಳಂತಹ ವೈರಸ್ ಕಾಯಿಲೆಗಳಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ನಡುವೆ ಮಾತ್ರ ಈ ಆಯ್ಕೆ ನಡೆಸುತ್ತದೆ. ಆದ್ದರಿಂದ ಅದನ್ನು ಕೇಳಿ ಬರೆಸಿಕೊಳ್ಳಬೇಡಿ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತರಬೇಡಿ. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡಬೇಡಿ. ಎಷ್ಟು ದಿನ ಎಂಬುದು ಕಾಯಿಲೆಯಿಂದ ಕಾಯಿಲೆಗೆ ಬೇರೆ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ನಡುವೆ ನಿಲ್ಲಿಸಬೇಕೆನಿಸಿದರೆ ಅವರನ್ನೇ ಕೇಳಿ.