ಪಕ್ಕದ ಸೀಟಿನ ಮಾತಿಗೆ ಹುಟ್ಟಿದ ಕಾರ್ಖಾನೆ

ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಹುಟ್ಟಿದ್ದು ಎಲ್ಲಿ ಗೊತ್ತೇ? ಬೆಂಗಳೂರಿನಲ್ಲಲ್ಲ. ದೆಹಲಿಯ ಯಾವ ಕಚೇರಿಯಲ್ಲೂ ಅಲ್ಲ. ಅದು ಹುಟ್ಟಿದ್ದು ಶಾಂತಸಾಗರದ ಮೇಲೆ, ಹಾರುತ್ತಿದ್ದ ವಿಮಾನದಲ್ಲಿ, ಇಬ್ಬರು ಅಪರಿಚಿತ ಪ್ರಯಾಣಿಕರು ಮಾತಿಗಿಳಿದಾಗ!

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟೆ. ಆಮೇಲೆ ತಡೆಯಲಾಗಲಿಲ್ಲ. ನಮ್ಮನ್ನು ಊರಿಂದೂರಿಗೆ ಸಾಗಿಸಿದ ಸಾರಿಗೆಯ ದೊಡ್ಡವರು ತಾವು ಹೇಗೆ ಓಡಾಡುತ್ತಿದ್ದರು, ದಾರಿಯಲ್ಲಿ ಏನು ನೋಡುತ್ತಿದ್ದರು, ಯಾರ ಜೊತೆ ಮಾತಾಡುತ್ತಿದ್ದರು ಎಂದು ಹುಡುಕುತ್ತ ಹೋದೆ. ಒಂದೊಂದು ಬದುಕು ತೆರೆದಂತೆಲ್ಲ ಒಂದೇ ವಿಸ್ಮಯ ಮತ್ತೆ ಮತ್ತೆ ಎದುರಾಯಿತು: ಇವರ ದೊಡ್ಡ ದೊಡ್ಡ ನಿರ್ಧಾರಗಳೆಲ್ಲ ಪ್ರಯಾಣದಲ್ಲೇ ಹುಟ್ಟಿವೆ. ಇವರ ನಿಜವಾದ ಕಚೇರಿ ಎಂದರೆ ಕಿಟಕಿ ಪಕ್ಕದ ಸೀಟು.

ಆ ವಿಮಾನದ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ. 1939ನೇ ಇಸವಿ. ಯುರೋಪಿನಲ್ಲಿ ಯುದ್ಧ ಶುರುವಾಗಿದೆ. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಭಾರತದಲ್ಲಿ ಕಾರು ಕಾರ್ಖಾನೆ ಕಟ್ಟುವ ಹಂಬಲ ಹೊತ್ತು ಅಮೆರಿಕ ಸುತ್ತಿ ಮರಳುತ್ತಿದ್ದಾರೆ. ಅದೇ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್. ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವರು. ಮಾತಿಗೆ ಮಾತು ಸೇರಿತು. ಚೀನಾದಲ್ಲಿ ಆಗುವುದು ಭಾರತದಲ್ಲಿ ಯಾಕೆ ಆಗಬಾರದು? ಕಾರಿನ ಕನಸು ಹೊತ್ತು ವಿಮಾನ ಹತ್ತಿದವರು ವಿಮಾನದ ಕನಸು ಹೊತ್ತು ಇಳಿದರು!

ಮುಂದಿನದು ಇನ್ನೂ ರೋಚಕ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಬಾಗಿಲು ತೆರೆದು ನಿಂತರು. ಸಂಸ್ಥಾನ ಜಾಗ ಕೊಟ್ಟಿತು, ಬಂಡವಾಳದಲ್ಲಿ ಪಾಲು ಹಾಕಿತು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಇಂದಿನ ಎಚ್‌ಎಎಲ್, ನೋಂದಣಿಯಾಯಿತು. ಮರುವರ್ಷವೇ, 1941ರಲ್ಲೇ, ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಬೆಂಗಳೂರಿನ ಆಕಾಶಕ್ಕೆ ಏರಿತು. ಸೈಕಲ್ಲು ಕೂಡ ಹೆಚ್ಚಾಗಿ ಹೊರದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಕಾಲದಲ್ಲಿ, ನಮ್ಮ ಊರಿನಲ್ಲಿ ವಿಮಾನ! 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅದೇ ಆವರಣದಲ್ಲಿ ರೈಲು ಬೋಗಿಗಳು ತಯಾರಾದವು. ಆ ಬೋಗಿ ವಿಭಾಗವೇ ಮುಂದೆ 1964ರಲ್ಲಿ ಬಿಇಎಂಎಲ್‌ಗೆ ಮೂಲವಾಯಿತು. ಒಂದು ಮಾತುಕತೆಯಿಂದ ಎಷ್ಟು ಕೊಂಬೆ, ಎಷ್ಟು ಬಿಳಲು!

ವಾಲ್‌ಚಂದರ ಬದುಕಿನಲ್ಲಿ ಇಂಥದ್ದು ಒಂದೇ ಸಲ ನಡೆದಿದ್ದರೆ ಅದೃಷ್ಟ ಎಂದು ಸುಮ್ಮನಾಗಬಹುದಿತ್ತು. ಆದರೆ ಇಪ್ಪತ್ತು ವರ್ಷ ಹಿಂದೆಯೂ ಅವರಿಗೆ ಹೀಗೇ ಆಗಿತ್ತು! ಆಗ ರೈಲು. ಮೊದಲಿನಿಂದಲೂ ಅವರು ರೈಲಿನ ಮನುಷ್ಯರೇ: ಬಾರ್ಶಿ ಲೈಟ್ ರೈಲ್ವೆಯ ಕಾಮಗಾರಿ ಗುತ್ತಿಗೆಯಿಂದ ವ್ಯವಹಾರ ಶುರು ಮಾಡಿ, ಮುಂದೆ ಭೋರ್ ಘಾಟಿನ ಸುರಂಗಗಳ ಕೆಲಸ ಮಾಡಿದವರು. 1919ರಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ, ಹಡಗೊಂದು ಮಾರಾಟಕ್ಕಿದೆ ಎಂಬ ಸುದ್ದಿ ಸಹಪ್ರಯಾಣಿಕರ ಬಾಯಿಂದ ಅವರ ಕಿವಿಗೆ ಬಿತ್ತು. ಗ್ವಾಲಿಯರ್ ಮಹಾರಾಜರ ಹಡಗು, ಹೆಸರು ‘ಲಾಯಲ್ಟಿ’. ಹಿಂದೊಮ್ಮೆ ‘ಎಂಪ್ರೆಸ್ ಆಫ್ ಇಂಡಿಯಾ’ ಎಂಬ ಹೆಸರಿನಲ್ಲಿ ಶಾಂತಸಾಗರದಲ್ಲಿ ಓಡಾಡಿ, ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾಗಿದ್ದದ್ದು. ಬೇರೆಯವರಾಗಿದ್ದರೆ ‘ಹೌದೇ’ ಎಂದು ಕೇಳಿ ಮಗ್ಗುಲು ಬದಲಿಸುತ್ತಿದ್ದರು. ವಾಲ್‌ಚಂದ್ ನರೋತ್ತಮ ಮೊರಾರ್ಜಿ ಮೊದಲಾದ ಗೆಳೆಯರನ್ನು ಕೂಡಿಸಿಕೊಂಡು ಹಡಗನ್ನೇ ಕೊಂಡರು! ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಹುಟ್ಟಿದ್ದು ಹೀಗೆ. 1919ರ ಏಪ್ರಿಲ್ 5ರಂದು ಆ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಹಡಗು ಕಂಪನಿಗಳು ಬಾಡಿಗೆ ದರ ಇಳಿಸಿ ಇಳಿಸಿ ಈ ಹೊಸಬರನ್ನು ಮುಳುಗಿಸಲು ನೋಡಿದವು. ಮುಳುಗಲಿಲ್ಲ. ಇವತ್ತಿಗೂ ಏಪ್ರಿಲ್ 5 ನಮ್ಮ ದೇಶದ ರಾಷ್ಟ್ರೀಯ ಕಡಲಯಾನ ದಿನ.

ಈಗ ಜೆ.ಆರ್.ಡಿ. ಟಾಟಾ. ಅಯ್ಯೋ, ಇವರ ಬಗ್ಗೆ ಎಲ್ಲಿಂದ ಶುರು ಮಾಡಲಿ!

ಹುಟ್ಟಿದ್ದು 1904ರಲ್ಲಿ ಪ್ಯಾರಿಸ್ಸಿನಲ್ಲಿ. ತಾಯಿ ಫ್ರೆಂಚ್ ಹೆಣ್ಣುಮಗಳು. ಬೇಸಿಗೆ ರಜೆಗೆ ಹೋಗುತ್ತಿದ್ದದ್ದು ಫ್ರಾನ್ಸಿನ ಕಡಲ ತೀರದ ಹಾರ್ಡೆಲೋ ಎಂಬ ಊರಿಗೆ. ಅಲ್ಲಿ ನೆರೆಯವರು ಯಾರು? ಲೂಯಿ ಬ್ಲೇರಿಯೋ! 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದ ಅದೇ ಬ್ಲೇರಿಯೋ. ಅಂಥ ಊರಿನಲ್ಲಿ ಹದಿನೈದರ ಹುಡುಗನಿಗೆ ಒಂದು ಸುತ್ತು ವಿಮಾನದಲ್ಲಿ ಹಾರಿ ಬರುವ ಅವಕಾಶ ಸಿಕ್ಕಿತು. ಅಷ್ಟೇ, ಮನಸ್ಸು ಮತ್ತೆ ನೆಲಕ್ಕೆ ಇಳಿಯಲೇ ಇಲ್ಲ. 1929ರ ಫೆಬ್ರವರಿ 10ರಂದು ಕೈಗೆ ಬಂದ ಪೈಲಟ್ ಪರವಾನಗಿಯ ಸಂಖ್ಯೆ 1. ಭಾರತದಲ್ಲಿ ಕೊಟ್ಟ ಮೊದಲನೆಯದು.

ಅದೇ ವರ್ಷ ಆಗಾ ಖಾನ್ ಒಂದು ಬಹುಮಾನ ಘೋಷಿಸಿದರು: ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬರೇ ಹಾರುವ ಮೊದಲ ಭಾರತೀಯನಿಗೆ. ಮರುವರ್ಷ ಜೆ.ಆರ್.ಡಿ. ಇಲ್ಲಿಂದ ಹೊರಟರು, ಆಸ್ಪಿ ಎಂಜಿನಿಯರ್ ಎಂಬ ಹುಡುಗ ಅಲ್ಲಿಂದ. ಈಜಿಪ್ಟಿನಲ್ಲಿ ಇಬ್ಬರೂ ಎದುರಾದರು. ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದರು. ಜೆ.ಆರ್.ಡಿ. ತಮ್ಮ ಬಳಿಯಿದ್ದ ಪ್ಲಗ್ಗನ್ನು ಎದುರಾಳಿಗೆ ಕೊಟ್ಟುಬಿಟ್ಟರು! ಆಸ್ಪಿ ಗೆದ್ದರು. ಮುಂದೆ ಅದೇ ಆಸ್ಪಿ ಎಂಜಿನಿಯರ್ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಗೆಲುವನ್ನು ಹೀಗೆ ಕೈಯಾರೆ ಕೊಡುವವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಬ್ರಿಟಿಷ್ ವಾಯುಪಡೆಯ ಮಾಜಿ ಪೈಲಟ್ ನೆವಿಲ್ ವಿನ್ಸೆಂಟ್ ಒಂದು ಯೋಜನೆ ಹಿಡಿದು ಬಂದಿದ್ದರು. ಇಂಗ್ಲೆಂಡಿನಿಂದ ವಿಮಾನದಲ್ಲಿ ಕರಾಚಿಗೆ ಬರುವ ಅಂಚೆಯನ್ನು ಅಲ್ಲಿಂದ ದಕ್ಷಿಣಕ್ಕೆ ವಿಮಾನದಲ್ಲೇ ಒಯ್ಯಬೇಕು ಎಂಬುದು ಅವರ ಹಟ. ಎರಡು ಲಕ್ಷ ರೂಪಾಯಿ ಬಂಡವಾಳ, ಎರಡು ಪುಟ್ಟ ಪುಸ್ ಮಾತ್ ವಿಮಾನ. 1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಸ್ವತಃ ಕರಾಚಿಯಿಂದ ಹೊರಟರು. ರೇಡಿಯೋ ಇಲ್ಲ. ದಾರಿ ತೋರಿಸುವವರಿಲ್ಲ. ಕಣ್ಣಿಗೆ ಗಾಗಲ್, ಕಣ್ಣ ಮುಂದೆ ನೆಲ. ಅಹಮದಾಬಾದಿನಲ್ಲಿ ಇಳಿದಾಗ ವಿಮಾನಕ್ಕೆ ಇಂಧನ ಬಂದದ್ದು ಯಾವುದರಲ್ಲಿ ಗೊತ್ತೇ? ಎತ್ತಿನ ಗಾಡಿಯಲ್ಲಿ, ಡಬ್ಬಗಳಲ್ಲಿ! ಮಧ್ಯಾಹ್ನದ ಹೊತ್ತಿಗೆ ಮುಂಬಯಿಯ ಜುಹು ಬಯಲು. ಮುಂದಿನ ಹಾದಿ ವಿನ್ಸೆಂಟರದ್ದು, ಮದರಾಸಿಗೆ.

ಇಲ್ಲಿ ನಾನು ಕುರ್ಚಿಯಿಂದ ಎದ್ದೇ ನಿಂತೆ. ಮುಂಬಯಿಗೂ ಮದರಾಸಿಗೂ ನಡುವೆ ಆ ವಿಮಾನ ಇಳಿಯುತ್ತಿದ್ದ ಊರು ಯಾವುದು? ನಮ್ಮ ಬಳ್ಳಾರಿ! ಕರಾಚಿ, ಅಹಮದಾಬಾದ್, ಮುಂಬಯಿ, ಬಳ್ಳಾರಿ, ಮದರಾಸು. ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಸಂಸ್ಥೆಯ ಮೊಟ್ಟಮೊದಲ ಹಾದಿಯ ಐದು ಹೆಸರುಗಳಲ್ಲಿ ನಾಲ್ಕನೆಯದು ಬಳ್ಳಾರಿ. ಆಗ ಅದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ನಿಜ. ಆದರೆ ಬಂಡೆಬೆಟ್ಟ ಅದೇ, ಬಿಸಿಲು ಅದೇ. ಬೆಂಗಳೂರಿಗೂ ಮೈಸೂರಿಗೂ ಸಿಗದ ಭಾಗ್ಯ ಬಳ್ಳಾರಿಯ ಬಯಲಿಗೆ ಸಿಕ್ಕಿತ್ತು.

ಇಂಥ ಮನುಷ್ಯ ಪ್ರಯಾಣಿಕರಾಗಿ ಕೂತರೆ ಹೇಗಿರುತ್ತಿತ್ತು? 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ಕಾನ್ಸ್ಟೆಲೇಷನ್ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ಯಾನ. ಜೆ.ಆರ್.ಡಿ. ಅದರಲ್ಲಿದ್ದರು. ಮುಂದೆಯೂ ತಮ್ಮ ವಿಮಾನಗಳಲ್ಲಿ ಓಡಾಡುವಾಗಲೆಲ್ಲ ಅವರ ಕೈಯಲ್ಲಿ ಟಿಪ್ಪಣಿ. ಸೀಟು ಎಷ್ಟು ಹಿಂದಕ್ಕೆ ಬಾಗುತ್ತದೆ, ಪರದೆ ಹೇಗಿದೆ, ಊಟ ಹೇಗಿತ್ತು, ಚಹಾದ ಬಣ್ಣ ಕಾಫಿಯ ಹಾಗೆ ಯಾಕೆ ಕಾಣುತ್ತಿದೆ, ಎಲ್ಲವೂ ಅದರಲ್ಲಿ! ಕೌಂಟರಿನ ಮೇಲೆ ಧೂಳು ಕಂಡರೆ ಯಾರನ್ನೂ ಕರೆಯದೆ ತಾವೇ ಒರೆಸಿಬಿಡುತ್ತಿದ್ದರು. 1953ರಲ್ಲಿ ಸಂಸ್ಥೆ ರಾಷ್ಟ್ರೀಕರಣವಾಯಿತು. ಅವರಿಗೆ ಅದು ಒಪ್ಪಿಗೆಯಿರಲಿಲ್ಲ. ಆದರೂ 1978ರವರೆಗೆ ಅಧ್ಯಕ್ಷರಾಗಿ, ಸಂಬಳ ಮುಟ್ಟದೆ, ಆ ಕೆಲಸ ಹೊತ್ತರು. ಆಗ ಏರ್ ಇಂಡಿಯಾ ಗಳಿಸಿದ ಹೆಸರು ಆ ಚಹಾದ ಬಟ್ಟಲಿನಿಂದ ಶುರುವಾದದ್ದು ಎಂದು ನಾನು ಪೂರ್ತಿ ನಂಬುತ್ತೇನೆ.

ನೆಲದ ಮೇಲೂ ಅವರಿಗೆ ವೇಗವೇ ಇಷ್ಟ. ಹರೆಯದಲ್ಲಿ ಬುಗಾಟಿ ಕಾರು ಓಡಿಸುತ್ತಿದ್ದರು. ಆ ಕಾರಿನ ಓಟ ಒಂದು ಕೇಸಿನಲ್ಲಿ ಸಿಕ್ಕಿಸಿತು, ಕೇಸಿಗಾಗಿ ವಕೀಲರ ಮನೆಗೆ ಹೋದವರಿಗೆ ವಕೀಲರ ಸೋದರನ ಮಗಳು ಥೆಲ್ಮಾ ಕಂಡರು. 1930ರಲ್ಲಿ ಮದುವೆ. ಇವರಿಗೆ ಹೆಂಡತಿಯನ್ನು ಹುಡುಕಿಕೊಟ್ಟದ್ದೂ ವಾಹನವೇ!

ಆಮೇಲೆ 1982ರ ಅಕ್ಟೋಬರ್ 15. ಆ ಮೊದಲ ಅಂಚೆ ಯಾನಕ್ಕೆ ಐವತ್ತು ವರ್ಷ ತುಂಬಿದ ದಿನ. ಎಪ್ಪತ್ತೆಂಟು ವಯಸ್ಸಿನ ಜೆ.ಆರ್.ಡಿ. ಒಂದು ಹಳೆಯ ಲೆಪರ್ಡ್ ಮಾತ್ ವಿಮಾನ ಏರಿ ಕರಾಚಿಯಿಂದ ಮುಂಬಯಿಗೆ ತಾವೇ ಮತ್ತೆ ಹಾರಿಸಿಕೊಂಡು ಬಂದರು. ಎಪ್ಪತ್ತೆಂಟು! ಆ ವಯಸ್ಸಿನಲ್ಲಿ ನಮ್ಮ ಮನೆಗಳಲ್ಲಿ ಹಿರಿಯರನ್ನು ಸಿಟಿ ಬಸ್ಸು ಹತ್ತಲೂ ಬಿಡುವುದಿಲ್ಲ.

ಮದರಾಸಿನ ಕಡೆ ಹೋಗುತ್ತಿದ್ದ ಆ ಹಾದಿಯನ್ನು ಬಿಟ್ಟು ಈಗ ಹಾಸನದ ಕಡೆ ತಿರುಗೋಣ. ಗೊರೂರು. ಕನ್ನಡಿಗರಿಗೆ ಗೊರೂರು ಎಂದರೆ ಸಾಹಿತಿ ರಾಮಸ್ವಾಮಿ ಅಯ್ಯಂಗಾರರು ನೆನಪಾಗುತ್ತಾರೆ. ಅದೇ ಊರಿನಲ್ಲಿ ಬೆಳೆದ ಹುಡುಗ ಜಿ.ಆರ್. ಗೋಪಿನಾಥ್. ಬಿಜಾಪುರದ ಸೈನಿಕ ಶಾಲೆ, ಸೇನೆ, 1971ರ ಯುದ್ಧ. ಸೇನೆ ಬಿಟ್ಟು ಬಂದರೆ ಮನೆಯ ಜಮೀನು ಹೇಮಾವತಿ ಅಣೆಕಟ್ಟೆಯ ನೀರಿಗೆ ಹೋಗಿತ್ತು, ಬದಲಿಗೆ ಸಿಕ್ಕಿದ್ದು ಜಾವಗಲ್ ಬಳಿಯ ಬರಡು ನೆಲ. ಅಲ್ಲೇ ಗುಡಾರ ಹಾಕಿದರು, ರೇಷ್ಮೆ ಬೆಳೆದರು. ಆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಹೆಲಿಕಾಪ್ಟರ್ ಕಂಪನಿ! ಮಣ್ಣಿನಿಂದ ನೇರ ಆಕಾಶಕ್ಕೆ.

ಮತ್ತೆ ಅದೇ ವಿಸ್ಮಯ ಕಾಣಿಸುವುದು ಇಲ್ಲಿ. ಕಡಿಮೆ ದರದ ವಿಮಾನದ ವಿಚಾರ ಅವರಿಗೆ ಹೊಳೆದದ್ದು ಹೆಲಿಕಾಪ್ಟರಿನ ಕಿಟಕಿಯಲ್ಲಿ. ಕೆಳಗೆ ಹಳ್ಳಿಗಳು, ಸಣ್ಣ ಪಟ್ಟಣಗಳು, ಮನೆಮನೆಯ ಸೂರಿನ ಮೇಲೆ ಟಿ.ವಿ. ಆಂಟೆನಾ. ಟಿ.ವಿ. ಕೊಳ್ಳಬಲ್ಲವರು ವಿಮಾನ ಹತ್ತಲಾರರೇ ಎಂದುಕೊಂಡರಂತೆ. ಅದೇ ಆಂಟೆನಾಗಳನ್ನು ಎಷ್ಟು ಜನ ಮೇಲಿನಿಂದ ನೋಡಿದ್ದರು! ಲೆಕ್ಕ ಹೊಳೆದದ್ದು ಗೊರೂರಿನ ಹುಡುಗನಿಗೆ. ಯಾಕೆಂದರೆ ಆ ಸೂರುಗಳ ಕೆಳಗೆ ಬದುಕಿದವರು ಅವರು. 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಶುರುವಾಯಿತು. ಎಟಿಆರ್ ವಿಮಾನಗಳು ಆರಂಭದಲ್ಲೇ ಹುಬ್ಬಳ್ಳಿಯಂಥ ಊರುಗಳಿಗೆ ಹಾರಿದವು. ವಿಮಾನದ ಗುರುತಾಗಿ ನಿಂತದ್ದು ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ, ಅದೇ ಚೌಕಳಿ ಕೋಟು, ಅದೇ ಕನ್ನಡಕ. ಒಂದು ರೂಪಾಯಿಯ ಟಿಕೆಟ್ಟುಗಳೂ ಬಂದವು. ಕಂಪನಿ ಮುಂದೆ ಕಿಂಗ್‌ಫಿಷರ್ ಜೊತೆ ಸೇರಿ ತನ್ನ ಹೆಸರು ಕಳೆದುಕೊಂಡಿತು. ಆದರೆ ಚಪ್ಪಲಿ ಕಾಲಿನಲ್ಲಿ ವಿಮಾನ ಹತ್ತಬಹುದು ಎಂಬ ಧೈರ್ಯವನ್ನು ಅದು ಕೊಟ್ಟಾಗಿತ್ತು, ಆ ಧೈರ್ಯವನ್ನು ಯಾರೂ ವಾಪಸು ಪಡೆಯಲಾಗಲಿಲ್ಲ.

ಹುಬ್ಬಳ್ಳಿ ಎಂದ ಮೇಲೆ ವಿಜಯ ಸಂಕೇಶ್ವರರನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವೇ? ಗದಗಿನ ಮುದ್ರಣದ ಮನೆತನ. ಮನೆಯಲ್ಲಿ ಅಚ್ಚಿನ ಮೊಳೆಗಳ ಸದ್ದು. ಅಂಥ ಮನೆಯ ಹುಡುಗ 1976ರಲ್ಲಿ ಒಂದು ಲಾರಿ ಕೊಂಡರು. ಒಂದೇ ಒಂದು! ಅದು ಹುಬ್ಬಳ್ಳಿಯ ವಿಆರ್‌ಎಲ್ ಸಾರಿಗೆ ಸಂಸ್ಥೆಯಾಗಿ, ಸಾವಿರಾರು ವಾಹನಗಳಾಗಿ, ಖಾಸಗಿಯವರ ಬಳಿ ಇರುವ ಅತಿ ದೊಡ್ಡ ವಾಣಿಜ್ಯ ವಾಹನ ಪಡೆಯೆಂದು ಲಿಮ್ಕಾ ದಾಖಲೆ ಪುಸ್ತಕ ಸೇರಿತು. ಆಮೇಲೆ ಅವರು ಅಚ್ಚಿನ ಮನೆಗೇ ಮರಳಿ 1999ರಲ್ಲಿ ‘ವಿಜಯ ಕರ್ನಾಟಕ’, 2012ರಲ್ಲಿ ‘ವಿಜಯವಾಣಿ’ ಪತ್ರಿಕೆಗಳನ್ನು ತಂದರು.

ಸಾರಿಗೆಯ ದೊಡ್ಡ ಹುದ್ದೆಯಲ್ಲಿ ಇವತ್ತು ಕೂತಿರುವ ಪ್ರತಿಯೊಬ್ಬರೂ ಇದನ್ನೆಲ್ಲ ಓದಬೇಕು ಎಂದು ನನಗೆ ತೀವ್ರವಾಗಿ ಅನಿಸುತ್ತದೆ. ಓದಿ, ತಮ್ಮ ಬಸ್ಸಿನ ಕೊನೆಯ ಸೀಟಿನಲ್ಲಿ, ತಮ್ಮ ರೈಲಿನ ಸಾಮಾನ್ಯ ಬೋಗಿಯಲ್ಲಿ, ತಮ್ಮ ವಿಮಾನದ ನಡುಸಾಲಿನಲ್ಲಿ ಕೂತು ಊರಿಂದೂರಿಗೆ ಹೋಗಬೇಕು. ಪರದೆ, ಧೂಳು, ಚಹಾದ ಬಣ್ಣ, ಎಲ್ಲವೂ ಅಲ್ಲಿಂದ ಕಾಣುತ್ತದೆ. ಎದುರಿನವರು ಏನು ಮಾತಾಡುತ್ತಿದ್ದಾರೆ ಎಂಬುದೂ ಕೇಳುತ್ತದೆ.

ಇನ್ನೊಂದು ಮಾತು ಬಳ್ಳಾರಿಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ. ಪ್ರತಿ ವರ್ಷ ಅಕ್ಟೋಬರ್ 15 ಬರುತ್ತದೆ. ಅವತ್ತು ಒಂದು ಪಾಠ ಬದಿಗಿಟ್ಟು, ಗೋಡೆಯ ಭೂಪಟದ ಮೇಲೆ ಕರಾಚಿಯಿಂದ ಮದರಾಸಿನವರೆಗೆ ಒಂದು ಗೆರೆ ಎಳೆಯಿರಿ. ಆ ಗೆರೆ ತಮ್ಮ ಊರನ್ನು ಮುಟ್ಟಿಯೇ ಮುಂದೆ ಹೋಯಿತು ಎಂದು ಮಕ್ಕಳಿಗೆ ದಯವಿಟ್ಟು ಹೇಳಿ.